ಹೊಸ ಟೈಲ್ಸ್ ಮೇಸ್ತ್ರಿಗಳಿಗೆ: ಕಷ್ಟದ ಕೆಲಸ, ಕಷ್ಟದ ಗಿರಾಕಿ ಎರಡನ್ನೂ ನಿಭಾಯಿಸುವುದು ಹೇಗೆ?

ಒಳ್ಳೇ ಮೇಸ್ತ್ರಿ ಕೈಕೆಳಗೆ ಸ್ವಲ್ಪ ಕಾಲ ಹೆಲ್ಪರ್ ಆಗಿದ್ದರೆ ಟೈಲ್ಸ್ ಕತ್ತರಿಸುವುದು, ಕೂರಿಸುವುದು ಕೈಗೆ ಬಂದೇ ಬರುತ್ತದೆ. ಸ್ವಂತವಾಗಿ ಕೆಲಸ ಹಿಡಿದ ಮೇಲೆ ತಲೆನೋವು ಬೇರೆ ಕಡೆಯಿಂದ ಶುರುವಾಗುತ್ತದೆ. ಮೂಲೆ ಸರಿಯಿಲ್ಲದ ರೂಮು, ನೀರು ನಿಲ್ಲುವ ಬಾತ್‌ರೂಮು, ರೆಡ್ ಆಕ್ಸೈಡ್ ನೆಲದ ಮೇಲೆ ಹೊಸ ಟೈಲ್ಸ್, ಮುಂದಿನ ವಾರವೇ ಗೃಹಪ್ರವೇಶ ಅನ್ನುವ ಮಾಲೀಕರು. ಇಂಥ ಕಡೆ ಜಗಳ ಆದಾಗ ಹಿಂದಕ್ಕೆ ಹೋಗಿ ನೋಡಿ, ಬಹುತೇಕ ಕಾರಣ ಒಂದೇ. ಮೊದಲ ಟೈಲ್ ಕೂರಿಸುವ ಮುಂಚೆ ತೋರಿಸಬೇಕಾದ್ದನ್ನು ತೋರಿಸಿಲ್ಲ, ಹೇಳಬೇಕಾದ್ದನ್ನು ಹೇಳಿಲ್ಲ. ಹಾಗಾಗಿ ಕೆಲಸ ಹೇಗೆ ಸಾಗುತ್ತದೋ ಅದೇ ಕ್ರಮದಲ್ಲಿ, ಎಲ್ಲೆಲ್ಲಿ ನಿಂತು ಮಾಲೀಕರನ್ನು ಕರೆದು ತೋರಿಸಬೇಕು ಅನ್ನುವುದನ್ನೂ ಸೇರಿಸಿ ಬರೆದಿದ್ದೇನೆ.

ರೇಟು ಹೇಳುವ ಮುಂಚೆ ಜಾಗ ನೋಡಿ

ಫೋನಿನಲ್ಲಿ ರೇಟು ಹೇಳಬೇಡಿ. "ಚದರಡಿಗೆ ಎಷ್ಟು ಹೇಳಿ ಸಾಕು" ಅಂತ ಎಷ್ಟೇ ಒತ್ತಾಯ ಮಾಡಿದರೂ, "ಒಂದ್ಸಲ ಬಂದು ನೋಡ್ತೀನಿ ಸರ್, ಆಮೇಲೆ ಹೇಳ್ತೀನಿ" ಅನ್ನಿ. ಹೋಗುವಾಗ ಟೇಪು, ಲೆವೆಲ್, ದಾರ, ಚಾಕ್‌ಪೀಸ್ ಜೊತೆಗಿರಲಿ.

ನೆಲ ಮಹಡಿಯ ಮನೆ ಆದರೆ ಮೊದಲು ಕೇಳಬೇಕಾದ್ದು ಮಣ್ಣಿನ ವಿಷಯ. ಪಾಯದೊಳಗೆ ತುಂಬಿದ ಮಣ್ಣಿಗೆ ನೀರು ಬಿಟ್ಟು, ದಮ್ಮಸ್ಸು ಹೊಡೆಸಿ ಕೂರಿಸಿದ್ದಾರಾ? ಮೇಲೆ ಬೆಡ್ ಕಾಂಕ್ರೀಟ್ ಹಾಕಿದ್ದಾರಾ? ಸಡಿಲ ಮಣ್ಣಿನ ಮೇಲೆ ನೀವು ಎಷ್ಟೇ ಚೆನ್ನಾಗಿ ಕೂರಿಸಿ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಪಕ್ಕದ ಸಾಲು ಕುಸಿಯುತ್ತದೆ. ಧಾರವಾಡ, ಗದಗ ಕಡೆಯ ಎರೆಮಣ್ಣಿನ ಜಾಗದಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಕೇಳಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆಗ ಬೈಗುಳ ಬರುವುದು ಮಣ್ಣು ತುಂಬಿಸಿದವರಿಗಲ್ಲ, ನಿಮಗೆ.

ಆಮೇಲೆ ಗೋಡೆಗೆ ಲೆವೆಲ್ ಹಿಡಿದು ನೆಟ್ಟಗೆ ನಿಂತಿದೆಯಾ ನೋಡಿ, ರೂಮಿನ ಎರಡೂ ಕರ್ಣ ಅಳೆಯಿರಿ. ಕರ್ಣಗಳಲ್ಲಿ ವ್ಯತ್ಯಾಸ ಬಂದರೆ ರೂಮು ಸೊಟ್ಟ. ಅದನ್ನು ಅಲ್ಲೇ, ಟೇಪು ಹಿಡಿದು ಮಾಲೀಕರಿಗೆ ತೋರಿಸಿ. ಇಂದು ತೋರಿಸಿದರೆ ಅದು ಗೋಡೆಯ ತಪ್ಪು. ಕೆಲಸ ಮುಗಿದ ಮೇಲೆ ಹೇಳಿದರೆ ನೀವು ಹುಡುಕಿಕೊಂಡ ನೆಪ.

ಲೆಕ್ಕ ಬರೆದು ಕಳಿಸಿ

ಮನೆಗೆ ಬಂದು ವಾಟ್ಸಾಪ್‌ನಲ್ಲಿ ಸರಳ ಕನ್ನಡದಲ್ಲಿ ಬರೆದು ಕಳಿಸಿ. ನೆಲಕ್ಕೆ ಚದರಡಿಗೆ ಎಷ್ಟು, ಗೋಡೆಗೆ ಎಷ್ಟು. ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ ಪಟ್ಟಿ), ಮೂಲೆಯ 45 ಡಿಗ್ರಿ ಕಟಿಂಗ್, ಮೆಟ್ಟಿಲಿನ ಮೂಗು (ಮುಂದಿನ ಅಂಚು) ಇವೆಲ್ಲ ರನ್ನಿಂಗ್ ಅಡಿ, ಅಂದರೆ ಬರೀ ಉದ್ದದ ಲೆಕ್ಕ. ಹಳೇ ಟೈಲ್ಸ್ ಕೀಳುವುದು, ಆ ಡೆಬ್ರಿಸ್ ಸಾಗಿಸುವುದು, ಡಬ್ಬಗಳನ್ನು ಮೂರನೇ ಮಹಡಿಗೆ ಹೊರುವುದು ಯಾರ ಖರ್ಚು? ಸಿಮೆಂಟ್, ಎಂ ಸ್ಯಾಂಡ್, ಅಡ್ಹೆಸಿವ್ (ಟೈಲ್ ಅಂಟು), ಸ್ಪೇಸರ್ (ಸಂದು ಸಮ ಇಡುವ ತುಂಡು), ಗ್ರೌಟ್ (ಸಂದು ತುಂಬುವ ಪುಡಿ) ಯಾರು ತರುವುದು? ಜಗಳ ಹುಟ್ಟುವುದು ದೊಡ್ಡ ವಿಷಯಕ್ಕಲ್ಲ, ಹೊರುವ ಕೂಲಿಯಂಥ ಸಣ್ಣದಕ್ಕೆ. "ಸರಿ" ಅಂತ ಅವರಿಂದ ಉತ್ತರ ಬಂದ ಮೇಲೆ ಕೆಲಸ ಶುರು ಮಾಡಿ.

ಟೈಲ್ಸ್ ಎಷ್ಟು ಬೇಕು ಅಂತ ನಿಮ್ಮನ್ನೇ ಕೇಳುತ್ತಾರೆ. ಇಲ್ಲಿ ಒಂದು ಲೆಕ್ಕ ಗೊತ್ತಿರಲಿ. ನಾವು 2×2 ಅನ್ನುವ ಟೈಲ್ ನಿಜವಾಗಿ 600 ಮಿ.ಮೀ. ಪೂರ್ತಿ 2 ಅಡಿ ಅಂದರೆ ಸುಮಾರು 610 ಮಿ.ಮೀ. ಆದ್ದರಿಂದ 4 ಪೀಸಿನ ಡಬ್ಬದಲ್ಲಿ ಬರುವುದು 16 ಚದರಡಿ ಅಲ್ಲ, 15.5 ಚದರಡಿ. 1000 ಚದರಡಿ ಮನೆಗೆ ಇಷ್ಟರಿಂದಲೇ ಎರಡು ಡಬ್ಬ ಕಡಿಮೆ ಬೀಳುತ್ತದೆ. ನೇರ ಸಾಲಿಗೆ ವೇಸ್ಟೇಜ್ ಅಂತ ಶೇ. 5ರಿಂದ 10 ಸೇರಿಸಿ. ಡಯಾಗನಲ್ ಆದರೆ ಶೇ. 15ರ ತನಕ ಬೇಕಾಗುತ್ತದೆ. ಕೊನೆಗೆ ನಾಲ್ಕು ಪೀಸು ಕಡಿಮೆ ಬಿದ್ದು, ಅಂಗಡಿಯಲ್ಲಿ ಆ ಬ್ಯಾಚ್ ಖಾಲಿ ಆಗಿದ್ದರೆ ಯಾರೂ ಏನೂ ಮಾಡುವ ಹಾಗಿಲ್ಲ.

ಡಬ್ಬ ಬಿಚ್ಚುವಾಗ

ಎಲ್ಲ ಡಬ್ಬದ ಮೇಲೂ ಶೇಡ್ ಅಥವಾ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಬೇರೆ ಇದ್ದರೆ ಅಂಗಡಿಗೆ ವಾಪಸ್, ಅಥವಾ ಬೇರೆ ರೂಮಿಗೆ. ಎರಡು ಟೈಲ್ಸ್ ತಗೊಂಡು ಮುಖಕ್ಕೆ ಮುಖ ಸೇರಿಸಿ ಹಿಡಿದರೆ ಬಾಗು ಗೊತ್ತಾಗುತ್ತದೆ. ನಾಲ್ಕೈದನ್ನು ಒಂದರ ಮೇಲೊಂದು ಪೇರಿಸಿ ಅಂಚಿಗೆ ಬೆರಳು ಆಡಿಸಿದರೆ ಸೈಜಿನ ವ್ಯತ್ಯಾಸ ಸಿಗುತ್ತದೆ. ಮಾಲೀಕರು ಕಡಿಮೆ ಬೆಲೆಗೆ ಸೆಕೆಂಡ್ಸ್ (ದೋಷ ಇರುವ ಎರಡನೇ ದರ್ಜೆ ಮಾಲು) ತಂದಿದ್ದರೆ ಇಲ್ಲೇ ಬಯಲಾಗುತ್ತದೆ. ಕತ್ತರಿಸಿದ ಟೈಲ್ಸನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಆದ್ದರಿಂದ ಮಷಿನ್ ಹಚ್ಚುವ ಮುಂಚೆಯೇ ತೋರಿಸಿ, ಫೋಟೋ ತೆಗೆದಿಡಿ.

ಸೊಟ್ಟ ರೂಮು ಮತ್ತು ಮೊದಲ ಸಾಲು

ಗೋಡೆ ಹಿಡಿದು ಶುರು ಮಾಡಬೇಡಿ. ಗೋಡೆ ಸೊಟ್ಟ ಇದ್ದರೆ ಸಾಲೂ ಅದರ ಜೊತೆ ಹೋಗುತ್ತದೆ. ಮುಂಬಾಗಿಲಿನಿಂದ ಹಾಲ್ ದಾಟಿ ಅಡುಗೆಮನೆ ತನಕ ಒಂದು ದಾರ ಎಳೆಯಿರಿ. ಅದಕ್ಕೆ ಅಡ್ಡವಾಗಿ 3-4-5 ಲೆಕ್ಕದಲ್ಲಿ ಇನ್ನೊಂದು: ಒಂದು ದಾರದಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿಗೆ ಗುರುತು ಹಾಕಿ, ಎರಡು ಗುರುತಿನ ನಡುವೆ 5 ಅಡಿ ಬಂದರೆ ಮೂಲೆ ಸರಿ. ದೊಡ್ಡ ಹಾಲ್ ಆದರೆ 6-8-10 ಅಡಿ ಹಿಡಿಯಿರಿ, ಮೂಲೆ ಇನ್ನೂ ಚೊಕ್ಕ ಬರುತ್ತದೆ. ಬಾಗಿಲು ತೆಗೆದ ತಕ್ಷಣ ಕಣ್ಣಿಗೆ ಬೀಳುವ ಕಡೆ ಪೂರ್ತಿ ಟೈಲ್ ಬರಲಿ. ಕಟ್ ಪೀಸು ಸೋಫಾ, ಮಂಚ, ಬೀರು ಬರುವ ಕಡೆ ಹೋಗಲಿ.

ಸಣ್ಣ ಪಟ್ಟಿ ಬರುವ ರೂಮಿಗೆ ಒಂದು ಉದಾಹರಣೆ. ಅಗಲ 10 ಅಡಿ 2 ಇಂಚು, ಅಂದರೆ ಸುಮಾರು 3099 ಮಿ.ಮೀ. 600ರ ಟೈಲ್, 2 ಮಿ.ಮೀ. ಸಂದು. ಐದು ಟೈಲ್ ಕೂರಿಸಿದರೆ 3010 ಮುಗಿದು, ಕೊನೆಗೆ ಮೂರೂವರೆ ಇಂಚಿನ ಪಟ್ಟಿ ಉಳಿಯುತ್ತದೆ. ಅದು ನೋಡಲು ಚೆನ್ನಾಗಿರುವುದಿಲ್ಲ, ಕತ್ತರಿಸುವಾಗ ಒಡೆಯುತ್ತದೆ. ಒಂದು ಪೂರ್ತಿ ಟೈಲ್ ಬಿಟ್ಟುಬಿಡಿ. ನಾಲ್ಕು ಪೂರ್ತಿ ನಡುವೆ ಬರಲಿ, ಉಳಿದದ್ದನ್ನು ಎರಡು ಕಡೆಗೆ ಹಂಚಿ. ಎರಡೂ ಬದಿಗೆ ಹದಿಮೂರೂವರೆ ಇಂಚಿನ ಪೀಸು ಬರುತ್ತದೆ. ಇದನ್ನು ಗಾರೆ ಇಲ್ಲದೆ ಸುಮ್ನೆ ಜೋಡಿಸಿ ಗಂಡ ಹೆಂಡತಿ ಇಬ್ಬರೂ ಇರುವಾಗ ತೋರಿಸಿ. ಒಬ್ಬರಿಗೆ ಮಾತ್ರ ತೋರಿಸಿ ಮುಂದುವರಿದರೆ, ಸಂಜೆ ಇನ್ನೊಬ್ಬರು ಬಂದು ಬೇರೆ ಮಾತಾಡುತ್ತಾರೆ.

ಉದ್ದನೆಯ 2×4 ಟೈಲ್ಸಿಗೆ ಇಟ್ಟಿಗೆ ಜೋಡಣೆ ಕೇಳಿದರೆ ಅರ್ಧಕ್ಕೆ ಸರಿಸಬೇಡಿ, ಮೂರನೇ ಒಂದು ಭಾಗಕ್ಕೆ ಸರಿಸಿ. ಉದ್ದ ಟೈಲ್ ನಡುವೆ ಕೂದಲೆಳೆಯಷ್ಟು ಬಾಗಿರುತ್ತದೆ. ಅರ್ಧಕ್ಕೆ ಸರಿಸಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಪಕ್ಕಕ್ಕೆ ಬಂದು ಕಾಲಿಗೆ ತಡೆಯುತ್ತದೆ. ಪಕ್ಕಪಕ್ಕದ ಟೈಲ್ಸನ್ನು ಒಂದೇ ಮಟ್ಟಕ್ಕೆ ಹಿಡಿದಿಡುವ ಲೆವೆಲಿಂಗ್ ಕ್ಲಿಪ್ಪಿನಿಂದ ಇದು ಸ್ವಲ್ಪ ಸರಿ ಹೋಗುತ್ತದೆ, ಪೂರ್ತಿ ಅಲ್ಲ.

ಬಾತ್‌ರೂಮು: ಇಲ್ಲಿ ಅವಸರ ಬೇಡವೇ ಬೇಡ

ಹೊಸಬರಿಗೆ ಅತಿ ಹೆಚ್ಚು ಕೆಟ್ಟ ಹೆಸರು ತರುವ ಜಾಗ ಇದು. ಹಾಲ್‌ನಲ್ಲಿ ಒಂದು ಟೈಲ್ ಟೊಳ್ಳಾದರೆ ಬದಲಾಯಿಸಬಹುದು. ಬಾತ್‌ರೂಮ್ ನೀರು ಕೆಳಗಿನ ಮನೆ ಚಾವಣಿಗೆ ಇಳಿದರೆ ಎಲ್ಲ ಕಿತ್ತು ಹೊಸದಾಗಿ ಮಾಡಬೇಕು.

1. ಪ್ಲಂಬರ್ ಕೆಲಸ ಪೂರ್ತಿ ಮುಗಿದಿರಬೇಕು, ಪೈಪಿಗೆ ಪ್ರೆಶರ್ ಟೆಸ್ಟ್ ಆಗಿರಬೇಕು. ವಾಟರ್‌ಪ್ರೂಫಿಂಗ್ ಆದ ಮೇಲೆ ಅವರು ಬಂದು ಗೋಡೆ ಕೊರೆದರೆ ಎಲ್ಲ ವ್ಯರ್ಥ.

2. ವಾಟರ್‌ಪ್ರೂಫಿಂಗ್ ಕೋಟು ನೆಲದ ಮೇಲಷ್ಟೇ ಅಲ್ಲ, ಗೋಡೆಗೆ ಕನಿಷ್ಠ ಒಂದು ಅಡಿ ಏರಿರಬೇಕು. ಶವರ್ ಗೋಡೆಗೆ ತಲೆಗಿಂತ ಮೇಲಿನ ತನಕ. ಮೂಲೆ, ಪೈಪಿನ ಸುತ್ತ, ನಹನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿ) ಬಾಯಿ, ಈ ಮೂರು ಜಾಗ ಬಗ್ಗಿ ನೋಡಿ.

3. ಟ್ರ್ಯಾಪ್ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ. ಗೋಡೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಿ. ಕೆಳಗಿನ ಮನೆಗೆ ಮಾಲೀಕರನ್ನೇ ಕರೆದುಕೊಂಡು ಹೋಗಿ ಚಾವಣಿ ನೋಡಿ. ಈ ಫೋಟೋ ತಾರೀಖಿನ ಸಮೇತ ನಿಮ್ಮ ಫೋನಿನಲ್ಲಿ ಇರಲಿ.

4. ಈಗ ವಾಟ, ಅಂದರೆ ನೀರು ಹರಿಯಲು ಕೊಡುವ ಇಳಿಜಾರು. ನೂರಕ್ಕೆ ಒಂದು ಸಾಕು. 8 ಅಡಿ ಉದ್ದದ ಬಾತ್‌ರೂಮಿನಲ್ಲಿ ಬಾಗಿಲಿನಿಂದ ಟ್ರ್ಯಾಪ್ ತನಕ ಒಂದು ಇಂಚು ಇಳಿಯಬೇಕು. ಬಾಗಿಲ ಹತ್ತಿರ ಗೋಡೆಗೆ ಗುರುತು ಹಾಕಿ, ಟ್ಯೂಬ್ ಲೆವೆಲ್‌ನಿಂದ (ನೀರು ತುಂಬಿದ ಪಾರದರ್ಶಕ ಪೈಪು) ಅದೇ ಮಟ್ಟವನ್ನು ಟ್ರ್ಯಾಪ್ ಪಕ್ಕದ ಗೋಡೆಗೆ ತಗೊಂಡು ಹೋಗಿ, ಅಲ್ಲಿಂದ ಒಂದು ಇಂಚು ಕೆಳಗೆ ಇನ್ನೊಂದು ಗುರುತು. ಎರಡಕ್ಕೂ ದಾರ ಕಟ್ಟಿ. ಟ್ರ್ಯಾಪಿನ ಬಾಯಿ ಆ ದಾರಕ್ಕಿಂತ ಮೇಲಿದ್ದರೆ ಅಲ್ಲಿಗೇ ನಿಲ್ಲಿಸಿ, ಪ್ಲಂಬರ್‌ಗೆ ಫೋನ್ ಮಾಡಿ. "ಹೇಗೋ ಅಡ್ಜಸ್ಟ್ ಮಾಡು" ಅಂದರೂ ಒಪ್ಪಬೇಡಿ, ನೀರು ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ.

5. ಗಾರೆ ಹಾಸಿ ಗಟ್ಟಿಯಾದ ಮೇಲೆ, ಟೈಲ್ ಕೂರಿಸುವ ಮುಂಚೆ ಒಂದು ಬಕೆಟ್ ನೀರು ಬಾಗಿಲ ಕಡೆಯಿಂದ ಸುರಿಯಿರಿ. ಎಲ್ಲಿ ನಿಂತಿತೋ ಅಲ್ಲಿ ಚಾಕ್‌ನಿಂದ ಸುತ್ತಿ ಸರಿಮಾಡಿ.

6. ಗೋಡೆಯ ಟೈಲ್ಸನ್ನು ಎರಡನೇ ಸಾಲಿನಿಂದ ಶುರು ಮಾಡಿ, ಕೆಳಗೆ ಪಟ್ಟಿ ಆಧಾರ ಕೊಟ್ಟು. ನೆಲ ಮುಗಿಸಿ ಕೊನೆಗೆ ಕೆಳಗಿನ ಸಾಲು ಕೂರಿಸಿದರೆ ಅದು ನೆಲದ ಟೈಲ್ ಮೇಲೆ ನಿಲ್ಲುತ್ತದೆ. ಗೋಡೆಯಿಂದ ಇಳಿದ ನೀರು ಸಂದಿಗೆ ಹೋಗದೆ ನೆಲಕ್ಕೆ ಬರುತ್ತದೆ.

ಸ್ನಾನದ ಜಾಗಕ್ಕೂ 2×2 ಹೊಳಪಿನ ಟೈಲ್ ಬೇಕು ಅನ್ನುವವರು ಸಿಗುತ್ತಾರೆ. ನಾಲ್ಕೂ ಕಡೆಯಿಂದ ಮಧ್ಯಕ್ಕೆ ವಾಟ ಕೊಡಬೇಕಾದಾಗ ದೊಡ್ಡ ಟೈಲ್ ಮಡಚುವುದಿಲ್ಲ, ಕೋನಕ್ಕೆ ಕತ್ತರಿಸಲೇಬೇಕು. ಒಂದಡಿ ಅಳತೆಯ ಆ್ಯಂಟಿಸ್ಕಿಡ್ (ಜಾರದ) ಟೈಲ್ ಹಾಕಿಸಿ ಅಂತ ಹೇಳಿ. ದೊಡ್ಡದೇ ಬೇಕು ಅಂದರೆ ಗೋಡೆ ಉದ್ದಕ್ಕೂ ಬರುವ ಲೀನಿಯರ್ ಡ್ರೈನ್ ಹಾಕಿಸಬೇಕು, ಆಗ ಒಂದೇ ಕಡೆಗೆ ವಾಟ ಸಾಕು. ಮನೆಯಲ್ಲಿ ವಯಸ್ಸಾದವರಿದ್ದರೆ ಜಾರುವ ಟೈಲ್ಸಿನ ಬಗ್ಗೆ ನೇರವಾಗಿಯೇ ಹೇಳಿ: "ಅಮ್ಮಾ, ನೀವು ದಿನಾ ಬೆಳಿಗ್ಗೆ ಒದ್ದೆ ಕಾಲಲ್ಲಿ ಓಡಾಡೋ ಜಾಗ ಇದು." ಈ ಮಾತಿಗೆ ಬಹಳಷ್ಟು ಜನ ಒಪ್ಪುತ್ತಾರೆ.

ವಾಟರ್‌ಪ್ರೂಫಿಂಗ್ ಬೇಡ, ದುಡ್ಡು ದಂಡ ಅನ್ನುವವರ ಬಾತ್‌ರೂಮ್ ಒಪ್ಪಿಕೊಳ್ಳಬೇಡಿ. ಆ ಕೆಲಸ ಹೋದರೆ ಹೋಗಲಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಗೋಡೆಗೆ ವಿಟ್ರಿಫೈಡ್: ಐದು ಮುದ್ದೆ ಸಿಮೆಂಟ್ ಸಾಲದು

ಹಳೇ ಸೆರಾಮಿಕ್ ಟೈಲ್ ನೀರು ಹೀರುತ್ತಿತ್ತು. ನೆನೆಸಿ, ಸಿಮೆಂಟ್ ಮೆತ್ತಿ ಒತ್ತಿದರೆ ಹಿಡಿದುಕೊಳ್ಳುತ್ತಿತ್ತು. ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ. ಸಿಮೆಂಟಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನೆಲದಲ್ಲಿ ಟೈಲ್ ತನ್ನ ಭಾರಕ್ಕೆ ಕೂತಿರುತ್ತದೆ, ಆದ್ದರಿಂದ ಗಾರೆ ಹಾಸಿ ಸಿಮೆಂಟ್ ಹಾಲು ಬಿಟ್ಟು ಕೂರಿಸುವುದು ಇಂದಿಗೂ ನಡೆಯುತ್ತಿದೆ. ಗೋಡೆಯಲ್ಲಿ ಹಾಗಲ್ಲ. 2×4 ಟೈಲ್ ಒಂದೊಂದೂ ಸುಮಾರು 14 ಕೆ.ಜಿ. ತೂಗುತ್ತದೆ. ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ಮುದ್ದೆ ಇಟ್ಟು ಒತ್ತಿದರೆ ಮಿಕ್ಕಿದ್ದೆಲ್ಲ ಟೊಳ್ಳು.

"ಅಡ್ಹೆಸಿವ್ ಯಾಕೆ, ಸಿಮೆಂಟ್ ಸಾಕಲ್ವಾ?" ಅಂತ ಮಾಲೀಕರು ಕೇಳೇ ಕೇಳುತ್ತಾರೆ. ಈ ಹೀರುವ ವಿಷಯವನ್ನು ಬಾಯಲ್ಲಿ ಹೇಳುವುದರ ಜೊತೆಗೆ ತೋರಿಸಿ. ಒಂದು ಹಳೇ ಸೆರಾಮಿಕ್ ಚೂರು, ಒಂದು ವಿಟ್ರಿಫೈಡ್ ಚೂರು, ಎರಡರ ಹಿಂಬದಿಗೂ ನಾಲ್ಕು ಹನಿ ನೀರು ಬಿಡಿ. ಸೆರಾಮಿಕ್ ಮೇಲಿನ ಹನಿ ನೋಡುತ್ತಿದ್ದಂತೆ ಇಂಗುತ್ತದೆ, ಇನ್ನೊಂದರ ಮೇಲೆ ಹಾಗೇ ಕೂತಿರುತ್ತದೆ. ಇದಕ್ಕಿಂತ ಜಾಸ್ತಿ ವಿವರಣೆ ಬೇಕಾಗುವುದಿಲ್ಲ.

ಅಡ್ಹೆಸಿವ್ ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕದ ನಂಬರ್) ಅಂತಲೂ, ಟೈಪ್ ಎಷ್ಟು ಅಂತಲೂ ಬರೆದಿರುತ್ತದೆ. ಯಾವ ಟೈಲಿಗೆ, ಯಾವ ಜಾಗಕ್ಕೆ ಅನ್ನುವುದನ್ನು ಓದಿಯೇ ತರಿಸಿ. ಬಕೆಟ್‌ಗೆ ಮೊದಲು ನೀರು, ಆಮೇಲೆ ಪುಡಿ. ಕಲಸಿ, ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ಗಟ್ಟಿಯಾಗುತ್ತಾ ಬಂತು ಅಂತ ಮೇಲಿಂದ ನೀರು ಸೇರಿಸಬೇಡಿ, ಶಕ್ತಿ ಹೋಗುತ್ತದೆ. ಹಲ್ಲಿನ ಕರಣೆಯಲ್ಲಿ ಗೆರೆಗಳನ್ನು ಒಂದೇ ದಿಕ್ಕಿಗೆ ಎಳೆಯಿರಿ, ಸುತ್ತು ಸುತ್ತು ಬೇಡ. ಸುತ್ತಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಟೈಲಿನ ಹಿಂಬದಿಗೂ ತೆಳುವಾಗಿ ಬಳಿಯಿರಿ. ಗೋಡೆಗೆ ಹಚ್ಚಿದ್ದನ್ನು ಬೆರಳಲ್ಲಿ ಮುಟ್ಟಿ ನೋಡಿ. ಬೆರಳಿಗೆ ಅಂಟದಿದ್ದರೆ ಪೊರೆ ಕಟ್ಟಿದೆ, ಕೆರೆದು ಹೊಸದು ಹಚ್ಚಿ. ಆಗಾಗ ಆಗಷ್ಟೇ ಕೂರಿಸಿದ ಟೈಲ್ ಒಂದನ್ನು ಕಿತ್ತು ಹಿಂಬದಿ ನೋಡಿ. ಪೂರ್ತಿ ತುಂಬಿಲ್ಲದಿದ್ದರೆ ಕರಣೆಯ ಹಲ್ಲು ಸಣ್ಣದಾಯಿತು ಅಂತ ಅರ್ಥ.

ಅಡ್ಹೆಸಿವ್ ಕೆಲಸಕ್ಕೆ ನೀರು ಹೊಡೆದು ಕ್ಯೂರಿಂಗ್ ಮಾಡಬೇಕಿಲ್ಲ. ಮನೆಯವರು ಅಭ್ಯಾಸದಿಂದ ಪೈಪ್ ಹಿಡಿದು ಬರುತ್ತಾರೆ, ಮೊದಲೇ ಹೇಳಿಬಿಡಿ.

ಹಳೇ ನೆಲದ ಮೇಲೆ ಹೊಸ ಟೈಲ್ಸ್

ಕೀಳುವ ಧೂಳು ಬೇಡ ಅಂತ ಈ ಕೆಲಸ ಈಗ ಜಾಸ್ತಿ ಬರುತ್ತಿದೆ. ಮೊದಲು ಮರದ ಕೋಲಿನಲ್ಲಿ ಇಡೀ ನೆಲ ತಟ್ಟಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಚಾಕ್ ಗುರುತು. ಗುರುತಿನವನ್ನೆಲ್ಲ ಕಿತ್ತು ಗಾರೆ ತುಂಬಬೇಕು. ಅರ್ಧ ನೆಲವೇ ಟೊಳ್ಳಾಗಿದ್ದರೆ ಪೂರ್ತಿ ಕೀಳದೆ ದಾರಿಯಿಲ್ಲ. ಗಟ್ಟಿ ಇರುವ ಟೈಲ್ಸಿನ ಹೊಳಪನ್ನು ಗ್ರೈಂಡರ್‌ನಿಂದ ಗೀರಿ, ಎಣ್ಣೆ ಜಿಡ್ಡು ತೊಳೆದು ಒಣಗಿಸಿ, ಟೈಲ್ ಮೇಲೆ ಟೈಲ್‌ಗೆ ಅಂತಲೇ ಬರೆದಿರುವ ಅಡ್ಹೆಸಿವ್ ಬಳಸಿ. ರೆಡ್ ಆಕ್ಸೈಡ್ ನೆಲದಲ್ಲಿ ವರ್ಷಗಟ್ಟಲೆ ಒರೆಸಿದ ಎಣ್ಣೆ, ಮೇಣ ಇಳಿದಿರುತ್ತದೆ, ಅಲ್ಲಿ ಒತ್ತೊತ್ತಾಗಿ ಕಚ್ಚು ಹೊಡೆಯಲೇಬೇಕು.

ಎತ್ತರದ ಮಾತು ಮೊದಲೇ ಆಗಲಿ. ಟೈಲ್, ಅಡ್ಹೆಸಿವ್ ಸೇರಿ ನೆಲ ಅರ್ಧ ಇಂಚಾದರೂ ಏರುತ್ತದೆ. ಎಲ್ಲ ಬಾಗಿಲೂ ಕೆಳಗೆ ಕೊಯ್ಯಿಸಬೇಕು. ಮುಂಬಾಗಿಲ ಹೊಸ್ತಿಲು ಅಷ್ಟು ತಗ್ಗಾಗಿ ಕಾಣುತ್ತದೆ. ಹೊಸ್ತಿಲಿಗೆ ದಿನಾ ಪೂಜೆ ಮಾಡುವ ಮನೆಯಲ್ಲಿ ಇದು ದೊಡ್ಡ ವಿಷಯ, ಮನೆಯ ಹಿರಿಯರನ್ನೇ ಕರೆದು ಅಳತೆ ತೋರಿಸಿ.

ಇನ್ನೊಂದು ಮಾತು. ಮೈಸೂರು, ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬಿರುಕಿಲ್ಲದ, ಕನ್ನಡಿ ಹಾಗಿರುವ ರೆಡ್ ಆಕ್ಸೈಡ್ ನೆಲಗಳು ಇನ್ನೂ ಇವೆ. ಅಂಥದ್ದು ಕಂಡರೆ "ಇದನ್ನ ಪಾಲಿಶ್ ಮಾಡಿಸಿ ಉಳಿಸ್ಕೊಳ್ಳಬಹುದು" ಅಂತ ಮಾಲೀಕರಿಗೆ ಹೇಳಿ. ಆ ಕೆಲಸ ಚೆನ್ನಾಗಿ ಮಾಡುವ ಕೈಗಳು ಈಗ ಕಡಿಮೆ. ನಿಮಗೆ ಒಂದು ಹಾಲ್ ಕೆಲಸ ಹೋಗಬಹುದು, ಮಾಲೀಕರು ನಿಮ್ಮ ಮಾತನ್ನು ನಂಬುತ್ತಾರೆ.

"ಗ್ಯಾಪ್ ಕಾಣಬಾರದು ಮೇಸ್ತ್ರಿ"

ಎಲ್ಲರೂ ಕೇಳುವುದು ಇದನ್ನೇ. ಬಿಸಿಲಿಗೆ ಟೈಲ್ ಹಿಗ್ಗುತ್ತದೆ, ಹೋಗಲು ಜಾಗ ಇಲ್ಲದಿದ್ದರೆ ಎರಡು ಟೈಲ್ ಗುಡಾರದ ಹಾಗೆ ಮೇಲೆದ್ದು ನಿಲ್ಲುತ್ತವೆ. ಒಳಗೆ ಕನಿಷ್ಠ 2 ಮಿ.ಮೀ. ಸ್ಪೇಸರ್ ಹಾಕಿ. ಬಾಲ್ಕನಿ, ತಾರಸಿಗೆ ಅದಕ್ಕಿಂತ ಜಾಸ್ತಿ ಬೇಕು. ಗೋಡೆ ಪಕ್ಕ 5-6 ಮಿ.ಮೀ. ಬಿಡಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಟೈಲಿನ ಬಣ್ಣಕ್ಕೇ ಹೊಂದುವ ಗ್ರೌಟ್ ಹಾಕಿದರೆ ಸಂದು ಕಣ್ಣಿಗೆ ಬೀಳುವುದಿಲ್ಲ. ಒಂದು ಮೂಲೆಯಲ್ಲಿ ಸ್ಯಾಂಪಲ್ ಹಾಕಿ, ಒಣಗಿದ ಮೇಲೆ ತೋರಿಸಿ ಒಪ್ಪಿಗೆ ತಗೊಳ್ಳಿ. ಬಿಳಿ ಹೊಳಪಿನ ಟೈಲ್ ಮೇಲೆ ಕಡು ಬಣ್ಣದ ಗ್ರೌಟ್ ಆದರೆ ಕಲೆ ಕೂರುತ್ತದಾ ಅಂತ ಮೊದಲು ಚೂರಿನ ಮೇಲೆ ನೋಡಿ.

ಗೃಹಪ್ರವೇಶದ ಅವಸರ

ಆಷಾಢ ಬರುವ ಮುಂಚೆ ಎಲ್ಲರಿಗೂ ಮುಹೂರ್ತ. ದಿನಾಂಕ ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಟೈಲ್ ಕೂರಿಸಿದ ಮೇಲೆ 24 ಗಂಟೆ ಯಾರೂ ಓಡಾಡಬಾರದು, ಆಮೇಲೆ ಗ್ರೌಟ್, ಅದು ಒಣಗಲು ಸಮಯ. ಎಲ್ಲ ಮುಗಿಯುವುದಿಲ್ಲ ಅನಿಸಿದರೆ ಮೊದಲ ದಿನವೇ ಹೇಳಿ: ದೇವರಮನೆ, ಹಾಲ್, ಅಡುಗೆಮನೆ, ಒಂದು ಬಾತ್‌ರೂಮ್ ಆ ದಿನಕ್ಕೆ, ಉಳಿದದ್ದು ಆಮೇಲೆ. ಪೂಜೆಗೆ ಬೇಕಾದ್ದು ಸಿಗುತ್ತದೆ ಅಂತ ಗೊತ್ತಾದರೆ ಹೆಚ್ಚಿನವರು ಸಮಾಧಾನ ಆಗುತ್ತಾರೆ.

ಆ ದಿನದ ಬಗ್ಗೆಯೂ ಎರಡು ಮಾತು ಹೇಳಿಡಿ. ಹೋಮಕುಂಡವನ್ನು ನೇರ ಟೈಲ್ ಮೇಲೆ ಇಡಬಾರದು. ಕೆಳಗೆ ದಪ್ಪ ಮರಳು, ಅದರ ಮೇಲೆ ಇಟ್ಟಿಗೆ ಹಾಸಬೇಕು, ಇಲ್ಲದಿದ್ದರೆ ಕಾವಿಗೆ ಟೈಲ್ ಸೀಳುತ್ತದೆ. ಹಸು ಕರೆತರುವುದಿದ್ದರೆ ಬಾಗಿಲಿನಿಂದ ಗೋಣಿಚೀಲ ಹಾಸಿ. ಹೊಳಪಿನ ನೆಲದ ಮೇಲೆ ಅದರ ಗೊರಸು ಜಾರುತ್ತದೆ, ಪಾಪ, ಹೆದರುತ್ತದೆ. ಅರಿಶಿನ ಕುಂಕುಮ ಚೆಲ್ಲಿದರೆ ಅಲ್ಲೇ ಒರೆಸಿ, ಸಿಮೆಂಟ್ ಗ್ರೌಟ್ ಬಣ್ಣ ಎಳೆದುಕೊಳ್ಳುತ್ತದೆ. ಇನ್ನೂ ಪೇಂಟ್, ಮರದ ಕೆಲಸ ಬಾಕಿ ಇದ್ದರೆ ಪ್ಲಾಸ್ಟಿಕ್ ಶೀಟ್ ಹಾಸಿ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಳಿಸಲು ಹೇಳಿ.

ನೆಂಟರ ಅಭಿಪ್ರಾಯ, ಉಳಿದ ದುಡ್ಡು

ಮಾಲೀಕರ ಭಾವನೋ ಚಿಕ್ಕಪ್ಪನೋ ಬಂದು "ಲೆವೆಲ್ ಇಲ್ಲ" ಅಂದರೆ ಸಿಟ್ಟಾಗಬೇಡಿ. ಲೆವೆಲ್ ಅವರ ಕೈಗೇ ಕೊಟ್ಟು "ನೋಡಿ ಸರ್, ಎಲ್ಲಿ ಅಂತ ತೋರಿಸಿ" ಅನ್ನಿ. ಸರಿಯಿಲ್ಲದಿದ್ದರೆ ಸರಿಮಾಡಿಕೊಡಿ, ಸರಿಯಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಗೋಡೆಯ ಟೈಲ್ಸನ್ನು ಅಡ್ಹೆಸಿವ್ ಒಣಗುವ ಮುಂಚೆ ಮೊಬೈಲ್ ಟಾರ್ಚ್ ಗೋಡೆಗೆ ತಾಗಿಸಿ ಹಿಡಿದು ನೋಡಿ. ಸಂಜೆಯ ಓರೆ ಬಿಸಿಲಿನಲ್ಲಿ ಅವರಿಗೆ ಕಾಣುವ ತಗ್ಗು ದಿಣ್ಣೆ ನಿಮಗೆ ಆಗಲೇ ಕಾಣುತ್ತದೆ.

ದುಡ್ಡನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ಶುರುವಿಗೆ ಅಡ್ವಾನ್ಸ್, ಬಾತ್‌ರೂಮ್ ಗೋಡೆ ಮುಗಿದಾಗ ಒಂದಿಷ್ಟು, ನೆಲ ಮುಗಿದಾಗ ಒಂದಿಷ್ಟು, ಗ್ರೌಟಿಂಗಿಗೆ ಮುಂಚೆ ಬಹುಪಾಲು. ಅಳತೆಯನ್ನು ಇಬ್ಬರೂ ಸೇರಿ ಹಿಡಿಯಿರಿ, ಅಂಗಡಿಯ ಬಿಲ್ಲಿನ ಚದರಡಿಯಲ್ಲ, ಹಾಸಿದ ಚದರಡಿ. ನಡುವೆ ಬಂದ ಹೆಚ್ಚುವರಿ ಕೆಲಸ ಆ ದಿನವೇ ಮೆಸೇಜ್ ಆಗಲಿ.

ನಿಮ್ಮ ಮೈ

ಒಣ ಕಟಿಂಗ್ ಬೇಡ. ಆ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ನೀರು ಬಿಟ್ಟು ಕತ್ತರಿಸಿ, ಎನ್95 ಮಾಸ್ಕ್ ಹಾಕಿ. ಟವೆಲ್ ಕಟ್ಟಿಕೊಂಡರೆ ಸಾಲದು. ವೈರು ನೀರಿನಲ್ಲಿ ಬಿದ್ದಿರದಂತೆ ನೋಡಿ. ಮಂಡಿಗೆ ಪ್ಯಾಡ್ ಇವತ್ತಿನಿಂದಲೇ ಹಾಕಿ. ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿರುವ, 18ರಿಂದ 60 ವರ್ಷದೊಳಗಿನವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಟೈಲ್ಸ್ ಕೆಲಸದವರೂ ಅದರಲ್ಲಿ ಬರುತ್ತಾರೆ, ನಿಮ್ಮ ಹೆಲ್ಪರ್ ಹುಡುಗರನ್ನೂ ಮಾಡಿಸಿ.

ಬಿಟ್ಟು ಬಂದ ಮೇಲೆ ಫೋನ್ ಬಂದರೆ

ಫೋನ್ ಎತ್ತಿ, ಆ ವಾರದಲ್ಲೇ ಹೋಗಿ. ಕೋಲಿನಲ್ಲಿ ತಟ್ಟಿ ಟೊಳ್ಳು ಯಾವುದು ಅಂತ ಗುರುತು ಹಾಕಿ. ಒಂದು ಟೈಲ್ ಬದಲಾಯಿಸಬೇಕಾದರೆ ನೇರ ಸುತ್ತಿಗೆ ಎತ್ತಬೇಡಿ. ಮೊದಲು ಸುತ್ತಲಿನ ಗ್ರೌಟ್ ಪೂರ್ತಿ ಕೊರೆದು ತೆಗೆಯಿರಿ, ಇಲ್ಲದಿದ್ದರೆ ಪೆಟ್ಟು ಪಕ್ಕದ ಟೈಲಿಗೂ ಹೋಗಿ ಅಂಚು ಚಕ್ಕೆ ಏಳುತ್ತದೆ. ಆಮೇಲೆ ನಡುವಿನಿಂದ ಒಡೆದು ಹೊರಕ್ಕೆ ಬನ್ನಿ, ಹಳೇ ಗಾರೆ ಕೆರೆದು ತಗ್ಗಿಸಿ, ಹೊಸದನ್ನು ಕೂರಿಸಿ. ಇದಕ್ಕೆ ಅದೇ ಬ್ಯಾಚಿನ ಟೈಲ್ ಬೇಕು. ಹಾಗಾಗಿ ಕೆಲಸ ಒಪ್ಪಿಸುವ ದಿನ ಪ್ರತಿ ಬಗೆಯ ನಾಲ್ಕೈದು ಪೂರ್ತಿ ಪೀಸುಗಳನ್ನು ಡಬ್ಬದ ಸಮೇತ ಮಾಲೀಕರ ಮನೆಯಲ್ಲೇ ಎತ್ತಿಡಿಸಿ, ಶೇಡ್ ನಂಬರ್ ಕಾಣುವ ಫೋಟೋವನ್ನು ಬಿಲ್ ಜೊತೆ ಅವರಿಗೆ ಕಳಿಸಿಬಿಡಿ.